ಸೊಮ್ ಕಣಿವೆಯಲ್ಲಿ ಸೈಕಲ್ ತುಳಿಯುವುದು ತಪ್ಪೇ?

ಉತ್ತರ ಫ್ರಾನ್ಸಿನ ಸೊಮ್ ನದಿಗೆ ಅವಸರವೇ ಇಲ್ಲ. 245 ಕಿ.ಮೀ. ಉದ್ದದ ಹರಿವಿನಲ್ಲಿ ಇಳಿಜಾರು ತೀರಾ ಕಡಿಮೆ. ಹಲವೆಡೆ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಇಕ್ಕೆಲದಲ್ಲೂ ಜೌಗು, ಜೊಂಡು, ಹಿಂದಿನವರು ಒಲೆಯ ಉರುವಲಿಗೆಂದು ಜೌಗುಮಣ್ಣು ಕಡಿದು ತೆಗೆದ ಕಡೆ ಉಳಿದುಕೊಂಡ ಹೊಂಡಗಳು. ಸರಕು ದೋಣಿಗಳನ್ನು ದಡದ ಮೇಲಿನಿಂದ ಎಳೆಯುತ್ತಿದ್ದ ದಾರಿಯೇ ಈಗ ಸೈಕಲ್ ಹಾದಿಯಾಗಿದೆ. ಪೆರೋನ್ ಪಟ್ಟಣದಿಂದ ಸಮುದ್ರದಂಚಿನ ಸೇಂಟ್-ವಾಲೆರಿಯವರೆಗೆ ನೂರು ಕಿ.ಮೀ.ಗೂ ಮಿಕ್ಕಿದ ಈ ಹಾದಿಯಲ್ಲಿ ಬೇಸಗೆಯಲ್ಲಿ ಸಂಸಾರ ಸಮೇತ ಜನ ಬರುತ್ತಾರೆ, ಗಾಳ ಹಾಕಿ ಕೂತವರನ್ನು ದಾಟಿ ಹೋಗುತ್ತಾರೆ, ಅಮಿಯಾಂ ಊರಿನ ಕಾಲುವೆಗಳ ನಡುವಿನ ತರಕಾರಿ ತೋಟಗಳನ್ನು ದೋಣಿಯಲ್ಲಿ ಸುತ್ತುತ್ತಾರೆ. ಆದರೆ ಜಗತ್ತಿನ ಬಹುಪಾಲು ಜನರಿಗೆ ಸೊಮ್ ಎಂದರೆ ನದಿಯಲ್ಲ, ಮೊದಲ ಮಹಾಯುದ್ಧದ ಕದನ. 1916ರ ಜುಲೈ 1ರಂದು ಆರಂಭವಾದ ಆ ಕದನದ ಮೊದಲ ದಿನವೇ ಬ್ರಿಟಿಷ್ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ 57,470 ಮಂದಿ. ಅವರಲ್ಲಿ ಸತ್ತವರೇ 19,240. ನವೆಂಬರ್ 18ಕ್ಕೆ ಕದನ ನಿಂತಾಗ ಎಲ್ಲ ಪಕ್ಷಗಳ ನಷ್ಟ ಹತ್ತು ಲಕ್ಷ ಮೀರಿತ್ತು. ಇಂಥ ನೆಲಕ್ಕೆ ಊಟದ ಬುತ್ತಿ ಕಟ್ಟಿಕೊಂಡು ರಜೆ ಕಳೆಯಲು ಹೋಗುವುದು ಸರಿಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಅದು ಪುಣ್ಯಭೂಮಿ, ಅಲ್ಲಿ ವಿಹಾರ ಸಲ್ಲದು ಎನ್ನುವುದು ಒಂದು. ನೂರು ವರ್ಷ ಕಳೆಯಿತು, ಇನ್ನೇಕೆ ಆ ಗೊಡವೆ ಎನ್ನುವುದು ಇನ್ನೊಂದು. ಇವೆರಡೂ ನೋಡಲು ಹೋದವನ ಮುಖಭಾವದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತವೆಯೇ ಹೊರತು ಅವನು ಏನನ್ನು ನೋಡಿ ಬರುತ್ತಾನೆ ಎಂಬುದರ ಬಗ್ಗೆ ಅಲ್ಲ. ನನ್ನ ವಾದ ಇಷ್ಟು: ಅಲ್ಲಿ ಸಂತೋಷಪಡುವುದು ತಪ್ಪಲ್ಲ, ನಡೆದದ್ದರ ಅಳತೆ ಸಿಗದೆ ಮರಳುವುದು ತಪ್ಪು, ಆ ಅಳತೆ ಸಿಗಬೇಕಾದರೆ ಸೈಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ. ಆದರೆ ಅದನ್ನು ನದಿಯ ದಂಡೆ ಬಿಟ್ಟು ಮೇಲಕ್ಕೆ ಹತ್ತಿಸಬೇಕು.

ಏಕೆಂದರೆ ಕದನಕ್ಕೆ ನದಿ ಕೊಟ್ಟದ್ದು ಮುಖ್ಯವಾಗಿ ಹೆಸರನ್ನು. ಫ್ರೆಂಚರು ನದಿಯ ಎರಡೂ ದಡದಲ್ಲಿ ಕಾದಿದರು ನಿಜ. ಬ್ರಿಟಿಷರು ಸತ್ತದ್ದು ಮಾತ್ರ ಉತ್ತರದ ಸುಣ್ಣಗಲ್ಲಿನ ದಿಣ್ಣೆಗಳ ಮೇಲೆ, ಸೊಮ್‌ಗೂ ಅದರ ಉಪನದಿ ಆಂಕ್ರ್‌ಗೂ ನಡುವಿನ ಮತ್ತು ಅದರಾಚೆಯ ಹೊಲಗಳಲ್ಲಿ. ದಂಡೆಯ ಹಾದಿಯಲ್ಲೇ ಹೋದವನಿಗೆ ಇದಾವುದೂ ಕಾಣುವುದಿಲ್ಲ. ಆಲ್ಬೇರ್ ಪಟ್ಟಣದಿಂದ ಬಾಪೋಮ್‌ವರೆಗೆ ರೋಮನ್ನರ ಕಾಲದ ನೇರ ರಸ್ತೆಯೊಂದಿದೆ. ಎರಡು ಊರುಗಳ ನಡುವೆ ಇಪ್ಪತ್ತು ಕಿ.ಮೀ. ಕೂಡ ಇಲ್ಲ. ಬಾಪೋಮ್ ಬ್ರಿಟಿಷ್ ಸೇನಾಪತಿಗಳ ಮೊದಲ ಗುರಿಗಳಲ್ಲೊಂದಾಗಿತ್ತು. ನಾಲ್ಕೂವರೆ ತಿಂಗಳಾದರೂ ಅವರ ಸೈನಿಕರು ಅಲ್ಲಿಗೆ ತಲುಪಲಿಲ್ಲ. ಸಾಧಾರಣ ಸವಾರನೊಬ್ಬ ಬೆಳಗಿನ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಬೇಕಾದಷ್ಟು ಮುಂಚೆ ಮುಟ್ಟುವ ದೂರ ಅದು. ಕಾರಿನಲ್ಲಿ ಹೋದರೆ ಈ ಅಂತರ ಕಾಲು ಗಂಟೆಯಲ್ಲಿ ಮುಗಿದು ಹೋಗುತ್ತದೆ, ದಿಣ್ಣೆಗಳು ಗಮನಕ್ಕೂ ಬರುವುದಿಲ್ಲ. ಕಾಲಿಗೆ ಗೊತ್ತಾಗುತ್ತದೆ. ಆಂಕ್ರ್ ತಗ್ಗಿನಿಂದ ತಿಯೆಪ್ವಾಲ್ ಹಳ್ಳಿಯ ಏರು ಹತ್ತುವಾಗ ಉಸಿರು ಹಿಡಿಯುವ ಜಾಗದಲ್ಲಿ ನಿಂತು ಮೇಲೆ ನೋಡಿದರೆ, ಅಲ್ಲಿ ಮಷಿನ್ ಗನ್ ಇಟ್ಟ ಜರ್ಮನ್ ಸೈನಿಕನಿಗೆ ಕೆಳಗಿನ ಇಡೀ ಹೊಲ ಹೇಗೆ ಕಾಣುತ್ತಿತ್ತೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ದಾಳಿಗೆ ಮುಂಚೆ ಏಳು ದಿನ ಹದಿನೈದು ಲಕ್ಷಕ್ಕೂ ಹೆಚ್ಚು ಶೆಲ್ ಸುರಿದರೂ ಎಷ್ಟೋ ಕಡೆ ಮುಳ್ಳುತಂತಿ ತುಂಡಾಗದೆ ಉಳಿದಿತ್ತು. ಆ ತಂತಿಯ ಅಡಿಗೆ ತಳ್ಳಿ ಸಿಡಿಸುವ ಉದ್ದನೆಯ ಕೊಳವೆ ಬಾಂಬನ್ನು 1912ರಲ್ಲಿ ರೂಪಿಸಿದ್ದು ನಮ್ಮ ಬೆಂಗಳೂರಿನಲ್ಲಿ, ಮದ್ರಾಸ್ ಸ್ಯಾಪರ್ಸ್ ಪಡೆಯ ಅಧಿಕಾರಿಯೊಬ್ಬ. ಇಂದಿಗೂ ಅದು ಬೆಂಗಳೂರು ಟಾರ್ಪಿಡೊ ಎಂದೇ ಸೇನೆಗಳಲ್ಲಿ ಪರಿಚಿತ. ಲಾಲ್‌ಬಾಗಿನ ಊರಿಗೆ ಇಂಥ ಖ್ಯಾತಿಯೂ ಇದೆಯೆಂದು ನಮ್ಮಲ್ಲಿ ನೆನೆಯುವವರು ಕಡಿಮೆ.

ವಿಹಾರ ಎಂಬುದು ಇಂದಿನ ಕಾಲದ ಭ್ರಷ್ಟತೆ ಎನ್ನುವವರು ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಮಿಷೆಲಿನ್ ಟೈರ್ ಕಂಪನಿ ಯುದ್ಧ ಇನ್ನೂ ನಡೆಯುತ್ತಿದ್ದ 1917ರಲ್ಲೇ ರಣರಂಗಗಳ ಪ್ರವಾಸ ಕೈಪಿಡಿಗಳನ್ನು ಅಚ್ಚುಹಾಕಲು ತೊಡಗಿತು. 1919ರ ಏಪ್ರಿಲ್ ಕೊನೆಯಲ್ಲಿ, ಕದನವಿರಾಮವಾಗಿ ಆರು ತಿಂಗಳೂ ತುಂಬಿರದಾಗ, 'ಲ ಪ್ತಿ ಜೂರ್ನಾಲ್' ಪತ್ರಿಕೆ ರಣರಂಗಗಳನ್ನೇ ಸುತ್ತುವ ಸೈಕಲ್ ಪಂದ್ಯ ಏರ್ಪಡಿಸಿತು. ಸುಮಾರು 2,000 ಕಿ.ಮೀ., ಏಳು ಹಂತ. ಬ್ರಸೆಲ್ಸ್‌ನಿಂದ ಅಮಿಯಾಂವರೆಗಿನ ಹಂತದಲ್ಲಿ ಮಳೆ, ಚಳಿ, ಶೆಲ್ ಬಿದ್ದ ಗುಂಡಿಗಳ ನಡುವೆ ದಾರಿಯೇ ಇಲ್ಲದ ದಾರಿ. ಆ ಹಂತ ಗೆದ್ದ ಶಾರ್ಲ್ ಡರಾಯ್ಟರ್‌ಗೆ ಹದಿನೆಂಟು ಗಂಟೆಗೂ ಹೆಚ್ಚು ಹಿಡಿಯಿತು. ಹೊರಟ ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಪಂದ್ಯ ಮುಗಿಸಿದವರು ಇಪ್ಪತ್ತರ ಆಸುಪಾಸು. ಟೂರ್ ದ ಫ್ರಾನ್ಸ್ ಗೆದ್ದಿದ್ದ ಫಾಬೇರ್, ಲಾಪೀಜ್, ಪ್ತಿ-ಬ್ರೆತೋನ್ ಮೂವರೂ ಯುದ್ಧಕಾಲದಲ್ಲಿ ಜೀವ ಕಳೆದುಕೊಂಡಿದ್ದರು. ಪತ್ರಿಕೆ ಪ್ರಸಾರ ಹೆಚ್ಚಿಸಿಕೊಳ್ಳಲು ಹೆಣಗಳ ಮೇಲೆ ಪಂದ್ಯ ಓಡಿಸಿತು ಎಂದು ಹಳಿಯಬಹುದು. ಹಳಿಯುವುದರಲ್ಲಿ ಅರ್ಥವೂ ಇದೆ. ಆದರೆ ಆ ಪಂದ್ಯದ ಸವಾರರಿಗೆ ನೆಲದ ಸ್ಥಿತಿ ತಿಳಿದಷ್ಟು ಪ್ಯಾರಿಸ್ಸಿನಲ್ಲಿ ವಿಜಯೋತ್ಸವ ಮಾಡಿದವರಿಗೆ ತಿಳಿದಿರಲಾರದು.

ಪಾವಿತ್ರ್ಯದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ತಿಯೆಪ್ವಾಲ್‌ನ ಸ್ಮಾರಕದ ಮೇಲೆ ಗೋರಿಯೇ ಸಿಗದ 72,000ಕ್ಕೂ ಹೆಚ್ಚು ಸೈನಿಕರ ಹೆಸರಿದೆ. ಅವರಲ್ಲಿ ಬಹಳ ಮಂದಿ ಇನ್ನೂ ಆ ಹೊಲಗಳ ಮಣ್ಣಿನಲ್ಲೇ ಇದ್ದಾರೆ. ಹಾಗೆಂದು ಇಡೀ ಕಣಿವೆಯನ್ನು ಸ್ಮಶಾನವೆಂದು ಸಾರಿದರೆ ಅಲ್ಲಿ ಉಳುವವರ ಗತಿಯೇನು? ಅದೇ ಯುದ್ಧದ ಇನ್ನೊಂದು ರಣರಂಗವಾದ ವೆರ್ದ್ಯೂನ್ ಸುತ್ತ ಒಂಬತ್ತು ಹಳ್ಳಿಗಳು ಪೂರ್ತಿ ನಾಶವಾದವು, ಅಲ್ಲಿ ಕಾಡು ಬೆಳೆಸಿದರು. ಸೊಮ್‌ನ ರೈತರು ಹೆಚ್ಚಿನ ಕಡೆ ಅದಕ್ಕೆ ಒಪ್ಪದೆ ಮರಳಿ ಬಂದು, ಗುಂಡಿ ಮುಚ್ಚಿ, ಮನೆ ಎಬ್ಬಿಸಿ, ಗೋಧಿ ಬಿತ್ತಿದರು. ಆ ಹಠಕ್ಕೆ ಸತ್ತವರ ಮೇಲಿನ ಅಗೌರವ ಕಾರಣವಲ್ಲ. ಯುದ್ಧದ ಕಾಲದಲ್ಲೇ ಸೈನಿಕರು ಸರದಿ ಮುಗಿಸಿ ಹಿಂದೆ ಬಂದಾಗ ಇದೇ ಹೊಂಡಗಳಲ್ಲಿ ಈಜಿದ್ದರು. ಬ್ರಿಟಿಷರ ಸ್ಮಶಾನಗಳನ್ನು ಕಟ್ಟಿದವರು ಅಧಿಕಾರಿ, ಸಿಪಾಯಿ ಎಂದೆಣಿಸದೆ ಎಲ್ಲರಿಗೂ ಒಂದೇ ಅಳತೆಯ ಕಲ್ಲು ನೆಟ್ಟು, ಹೂಗಿಡ ಹಾಕಿ, ತೋಟವನ್ನೇ ಮಾಡಿದರು. ತೋಟ ಮಾಡಿದವರ ಎಣಿಕೆಯಲ್ಲಿ ಜನ ಬರಬೇಕು, ಕೂರಬೇಕು ಎಂಬುದು ಇದ್ದೇ ಇತ್ತು.

ನಿಜವಾಗಿ ಕಾಡುವ ಆಕ್ಷೇಪ ಬೇರೆ: ಈ ಕಣಿವೆಯ ಚೆಲುವು ಸುಳ್ಳು ಹೇಳುತ್ತದೆ. ಗಸಗಸೆಯ ಕೆಂಪು ಹೂ, ಹಸಿರು ಹುಲ್ಲು, ಒಪ್ಪವಾದ ಬಿಳಿ ಕಲ್ಲುಗಳ ಸಾಲು ನೋಡಿದವನಿಗೆ ಯುದ್ಧ ದುಃಖದ್ದಾದರೂ ಒಂದು ಸುಂದರ ಸಂಗತಿಯೆಂಬ ಭಾವನೆ ಹುಟ್ಟುವುದು ಸಹಜ. ಬೋಮೋಂ-ಹಾಮೆಲ್‌ನಲ್ಲಿ ಉಳಿಸಿಕೊಂಡ ಕಂದಕಗಳೂ ಹುಲ್ಲು ಹೊದ್ದು ಮೃದುವಾದ ಅಲೆಗಳಂತೆ ಕಾಣುತ್ತವೆ. ಸೈಕಲ್ ಈ ಮೋಸವನ್ನು ಹೆಚ್ಚಿಸುತ್ತದೆ ಎಂದರೂ ತಪ್ಪಿಲ್ಲ, ಏಕೆಂದರೆ ಸವಾರಿಯ ಹಿತವೇ ಮನಸ್ಸನ್ನು ಮೆತ್ತಗೆ ಮಾಡುತ್ತದೆ. ಇದಕ್ಕೆ ಮದ್ದು ಬೇಸರದ ಮುಖ ಹೊತ್ತು ತಿರುಗುವುದಲ್ಲ, ಆ ಚೆಲುವಿಗೆ ಅಡ್ಡ ಬರುವ ವಸ್ತುಗಳ ಮುಂದೆ ನಿಲ್ಲುವುದು. ಪೆರೋನ್‌ನಲ್ಲಿ 1992ರಲ್ಲಿ ತೆರೆದ ಮಹಾಯುದ್ಧದ ಮ್ಯೂಸಿಯಂನವರು ಸಮವಸ್ತ್ರಗಳನ್ನು ಬೊಂಬೆಗಳಿಗೆ ತೊಡಿಸಿ ವೀರರಂತೆ ನಿಲ್ಲಿಸಲಿಲ್ಲ. ನೆಲದಲ್ಲಿ ಆಳವಿಲ್ಲದ ಬಿಳಿ ಗುಂಡಿಗಳನ್ನು ತೋಡಿ, ಬಟ್ಟೆ, ಬೂಟು, ಬೆನ್ನುಚೀಲ, ಬಂದೂಕುಗಳನ್ನು ಮಲಗಿಸಿಟ್ಟರು. ನೋಡುವವನು ತಲೆ ಬಗ್ಗಿಸಿಯೇ ನೋಡಬೇಕು. ಜರ್ಮನ್, ಫ್ರೆಂಚ್, ಬ್ರಿಟಿಷ್ ಮೂವರನ್ನೂ ಅಕ್ಕಪಕ್ಕ ಇಟ್ಟದ್ದರಿಂದ ಯಾರ ಗೆಲುವಿನ ಕಥೆಯೂ ಅಲ್ಲಿ ಸಲೀಸಾಗಿ ಓಡುವುದಿಲ್ಲ. ಕಾಲುವೆ ಪಕ್ಕದ ಫ್ರ್ವಾಸಿಯಿಂದ ಹೊರಡುವ ಪುಟ್ಟ ರೈಲೂ ಅಂಥದ್ದೇ. 1916ರಲ್ಲಿ ಮದ್ದುಗುಂಡು ಸಾಗಿಸಲು ಹಾಕಿದ ಕಿರಿದಾದ ಹಳಿ, ಆಮೇಲೆ ಸಕ್ಕರೆ ಕಾರ್ಖಾನೆಗೆ ದುಡಿದು, ಈಗ ಪ್ರವಾಸಿಗಳನ್ನು ಹೊರುತ್ತಿದೆ. ಶೆಲ್ಲು, ಸಕ್ಕರೆ, ಶಾಲಾ ಮಕ್ಕಳು ಒಂದೇ ಹಳಿಯ ಮೇಲೆ ಹೋದದ್ದನ್ನು ತಿಳಿದವನಿಗೆ ಈ ಕಣಿವೆ ಬರೀ ಚೆಲುವಾಗಿ ಉಳಿಯಲಾರದು.

ಇನ್ನೊಂದು ದೂರು, ಹಣವಿದ್ದ ದೇಶಗಳ ನೆನಪೇ ಅಲ್ಲಿ ಎದ್ದು ಕಾಣುತ್ತದೆ ಎಂಬುದು. ಸರಿಯಾದ ದೂರು. ವಿಲೇರ್-ಬ್ರೆಟೊನ್ಯೂನಲ್ಲಿ ಆಸ್ಟ್ರೇಲಿಯಾ ತನ್ನ ಸ್ಮಾರಕದ ಬೆನ್ನಿಗೆ 2018ರಲ್ಲಿ ದೊಡ್ಡ ಪ್ರದರ್ಶನ ಕೇಂದ್ರವನ್ನೇ ತೆರೆಯಿತು. ಫ್ರಿಕೂರ್‌ನ ಜರ್ಮನ್ ಸ್ಮಶಾನದಲ್ಲಿ ಸುಮಾರು 17,000 ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಸಾಮೂಹಿಕ ಗೋರಿಗಳಲ್ಲಿ. ಪ್ರವಾಸಿ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ. ನದಿ ಸಮುದ್ರ ಸೇರುವ ಕಡೆ, ನ್ವಾಯೆಲ್ ಬಳಿಯ ಹೊಲಗಳ ನಡುವೆ ಎಂಟು ನೂರಕ್ಕೂ ಹೆಚ್ಚು ಚೀನೀ ಕೂಲಿಗಳ ಗೋರಿಗಳಿವೆ. ಬಂದೂಕು ಹಿಡಿಯಲೆಂದು ಬಂದವರಲ್ಲ, ಮೂಟೆ ಹೊರಲು ಬಂದವರು. ಎಷ್ಟೋ ಮಂದಿ ಯುದ್ಧ ಮುಗಿದ ಮೇಲೆ ಫ್ಲೂ ಜ್ವರಕ್ಕೆ ಸತ್ತರು. ಪೆರೋನ್ ಪಕ್ಕದ ಲಾ ಶಾಪೆಲೆತ್ ಸ್ಮಶಾನದಲ್ಲಿ ಭಾರತದವರಿದ್ದಾರೆ. 1916ರ ಜುಲೈ 14ರ ಸಂಜೆ ಹೈ ವುಡ್ ಎಂಬ ತೋಪಿನ ಬಳಿ, ಬೆಳೆದು ನಿಂತ ಪೈರಿನ ನಡುವೆ ಭರ್ಜಿ ಹಿಡಿದು ಕುದುರೆ ಓಡಿಸಿದವರಲ್ಲಿ ಹೈದರಾಬಾದ್ ನಿಜಾಮನ ಪಡೆಯ ಮೂಲದ ಡೆಕ್ಕನ್ ಹಾರ್ಸ್ ದಳವೂ ಇತ್ತು. ಯುನೆಸ್ಕೊ ಕೂಡ ಈ ಬಗೆಯ ನೆಲವನ್ನು ವಿಶ್ವ ಪರಂಪರೆ ಎನ್ನಬೇಕೇ ಎಂದು 2018ರಲ್ಲಿ ಹಿಂಜರಿದು, 2023ರಲ್ಲಷ್ಟೇ ಫ್ರಾನ್ಸ್ ಮತ್ತು ಬೆಲ್ಜಿಯಂನ 139 ತಾಣಗಳನ್ನು ಪಟ್ಟಿಗೆ ಸೇರಿಸಿತು. ಪಟ್ಟಿ ತಾಣಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ, ಬಸ್ಸೂ ಹಾಗೆಯೇ ಒಂದೊಂದರ ಮುಂದೆ ಇಳಿಸಿ ಹತ್ತಿಸುತ್ತದೆ. ಸೈಕಲ್ಲಿನವನಿಗೆ ಆ ಅನುಕೂಲವಿಲ್ಲ: ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಾರೂ ಹಣ ಹಾಕದ ಸ್ಮಶಾನಗಳನ್ನೂ ಅವನು ದಾಟಲೇಬೇಕು.

ಆದ್ದರಿಂದ ಯೂರೋಪಿನಲ್ಲಿ ಓದುತ್ತಲೋ ದುಡಿಯುತ್ತಲೋ ಇರುವ ನಮ್ಮವರು, ಇಲ್ಲಿಂದ ಪ್ರವಾಸ ಹೋಗುವವರು ಸೊಮ್ ದಂಡೆಯಲ್ಲಿ ಧಾರಾಳವಾಗಿ ಸೈಕಲ್ ತುಳಿಯಲಿ. ಒಂದು ದಿನವನ್ನು ಮಾತ್ರ ಆಲ್ಬೇರ್ ಮತ್ತು ಬಾಪೋಮ್ ನಡುವಿನ ದಿಣ್ಣೆಗಳಿಗೆ ಮೀಸಲಿಡಿ. ಮುಖ್ಯ ರಸ್ತೆಯಲ್ಲಿ ವಾಹನಗಳ ಓಡಾಟ ಹೆಚ್ಚು, ಅಕ್ಕಪಕ್ಕದ ಹಳ್ಳಿ ದಾರಿಗಳು ಒಳ್ಳೆಯವು. ಹೊಲದ ಬದುವಿನಲ್ಲೋ ವಿದ್ಯುತ್ ಕಂಬದ ಬುಡದಲ್ಲೋ ತುಕ್ಕು ಹಿಡಿದ ಶೆಲ್ ಕಂಡರೆ ಫೋಟೊಗೆಂದು ಕೈಗೆತ್ತಿಕೊಳ್ಳಬೇಡಿ. ಉಳುವಾಗ ಮೇಲೆದ್ದದ್ದನ್ನು ರೈತ ಬಾಂಬ್ ನಿಷ್ಕ್ರಿಯ ದಳದವರಿಗಾಗಿ ಅಲ್ಲಿಟ್ಟಿರುತ್ತಾನೆ, ಅದು ಇನ್ನೂ ಸಿಡಿಯಬಲ್ಲದು.