ಬೂದಿಯಾದ ಹಸ್ತಪ್ರತಿ

ಹಿಂಗಾರಿ ಮಳೆ ಕೈಕೊಟ್ಟ ವರ್ಷ ನಾಲತವಾಡ, ಮುದ್ದೇಬಿಹಾಳದ ಕಡೆ ಬಿಳಿಜೋಳ ತೆನೆ ಕಟ್ಟುವ ಮೊದಲೇ ಬಾಡುತ್ತದೆ. ದೇವರಿಗೆ ಅಂಜಿ ನಡೆಯುವವನ ಹೊಲವೂ ಅಷ್ಟೇ, ನೆರೆಯವನ ಬದು ಒತ್ತುವವನ ಹೊಲವೂ ಅಷ್ಟೇ. ಒಕ್ಕಲುತನದ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಆದರೆ ವರ್ಷವಿಡೀ ಓದಿದ ಹುಡುಗಿಗೆ ಪರೀಕ್ಷೆಯ ವಾರದಲ್ಲೇ ಜ್ವರ ಬಂದು, ಅಷ್ಟಾಗಿ ಓದದ ಗೆಳತಿ ಮುಂದೆ ಹೋದಾಗ, ‘ದೇವರು ನ್ಯಾಯವಂತನೇ?’ ಎಂಬ ಪ್ರಶ್ನೆ ಮನೆಯೊಳಗೇ ಬಂದು ಕೂರುತ್ತದೆ.

ತಂದೆತಾಯಿಯರು ಆಗ ಅವಸರದಲ್ಲಿ ಉತ್ತರ ಹೇಳಿಬಿಡುತ್ತಾರೆ. ‘ಎಲ್ಲಾ ಒಳ್ಳೆಯದಕ್ಕೇ’ ಎನ್ನುತ್ತಾರೆ. ಇಲ್ಲವೇ ‘ನಿನ್ನದೇ ಏನೋ ತಪ್ಪಿರಬೇಕು’ ಎನ್ನುತ್ತಾರೆ. ಬೈಬಲ್ಲಿನ ಯೋಬನ ಕಥೆ ಬಲ್ಲವರಿಗೆ ಈ ಎರಡನೆಯ ಮಾತು ಪರಿಚಿತ. ಮಕ್ಕಳು, ದನಕರು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನಿಗೆ ಗೆಳೆಯರು ಹೇಳಿದ್ದು ಅದನ್ನೇ. ಮೊದಲ ಏಳು ದಿನ ಅವರು ಬಾಯಿಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ನ್ಯಾಯ ಕೇಳಿ ವಾದಿಸಿದ ಯೋಬನನ್ನು ದೇವರು ಗದರುತ್ತಾನೆ, ನಿಜ. ಆದರೆ ಕೋಪ ತಿರುಗುವುದು ಆ ಗೆಳೆಯರ ಮೇಲೆ.

ಕನ್ನಡಕ್ಕೇ ಸೇರಿದ ಒಂದು ನಷ್ಟದ ಕಥೆಯೂ ಇದೆ. ಚಮ್ಮಾರಿಕೆಯ ಕಸುಬಿನಿಂದ ಬಂದು ಬಂಗಾಳದಲ್ಲಿ ನೆಲೆಸಿದ ಮಿಷನರಿ ವಿಲಿಯಂ ಕೇರಿ, ಪಂಡಿತರ ನೆರವಿನಿಂದ ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಂದಿದ್ದರು. 1812ರ ಮಾರ್ಚ್ 11ರ ಸಂಜೆ ಕಲ್ಕತ್ತೆಯ ಸಮೀಪದ ಸೆರಾಂಪುರದಲ್ಲಿ ಮಿಷನ್ನಿನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಅದು ಮಧ್ಯರಾತ್ರಿಯ ತನಕ ಉರಿಯಿತು. ಕೇರಿ ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಜೊತೆಗಾರ ಜೋಶುವಾ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದರು. ಕನ್ನಡ ಅನುವಾದ ಬೂದಿಯಾಗಿತ್ತು. ತೆಲುಗು ವ್ಯಾಕರಣ ಹೋಗಿತ್ತು, ಹಲವು ಭಾಷೆಗಳ ದೊಡ್ಡ ನಿಘಂಟಿನ ಹಸ್ತಪ್ರತಿಯೂ ಹೋಗಿತ್ತು. ಕೇರಿಗೆ ಆಗ 50 ವರ್ಷ.

ಮುಂದಿನ ಭಾನುವಾರ ಅವರು 46ನೆಯ ಕೀರ್ತನೆಯನ್ನು ಹಿಡಿದು ಉಪದೇಶ ಮಾಡಿದರು. ತನ್ನ ಚಿತ್ತದಂತೆ ನಡೆಸುವ ಅಧಿಕಾರ ದೇವರಿಗಿದೆ, ಅದನ್ನು ಒಪ್ಪಿಕೊಳ್ಳುವುದು ಮನುಷ್ಯನ ಪಾಲು ಎಂಬುದು ಅದರ ತಿರುಳು. ಒಪ್ಪಿಕೊಂಡವರು ಕೈಕಟ್ಟಿ ಕೂರಲಿಲ್ಲ. ಬೂದಿ ಕೆದಕಿದಾಗ ಮೊಳೆ ಎರಕ ಹೊಯ್ಯುವ ಅಚ್ಚುಗಳು ಸಿಕ್ಕಿದವು. ಕರಗಿದ ಲೋಹವನ್ನೇ ಬಳಸಿ ಹೊಸ ಮೊಳೆ ಎರೆಯತೊಡಗಿದರು. ಬ್ರಿಟನ್ನಿನ ಜನ ಎರಡು ತಿಂಗಳೊಳಗೆ ಸುಮಾರು 10,000 ಪೌಂಡು ಕೂಡಿಸಿದರು. ಒಮ್ಮೆ ನಡೆದ ದಾರಿ ಎರಡನೆಯ ಸಲ ಎಷ್ಟೇ ನೋವಿನದಾದರೂ ಹೆಜ್ಜೆ ಹೆಚ್ಚು ಸಲೀಸು ಎಂಬರ್ಥದ ಮಾತನ್ನು ಕೇರಿ ಬರೆದರು. ಪೂರಕ ಪರೀಕ್ಷೆಗೆ ಕೂರುವವರು ಇದನ್ನು ಗಮನಿಸಬಹುದು. 1817ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಹೊಸ ಒಡಂಬಡಿಕೆ 1820ರ ದಶಕದ ಆರಂಭದಲ್ಲಿ ಅಚ್ಚಾಯಿತು.

ಉಪದೇಶಕರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕೇರಿಯವರ ಹೆಂಡತಿ ಡೊರೊತಿಯ ಮಾತು ಬಿಟ್ಟುಹೋಗುತ್ತದೆ. ಮೊದಲು ಭಾರತಕ್ಕೆ ಬರಲು ಒಲ್ಲೆನೆಂದಿದ್ದ ಆಕೆ 1794ರಲ್ಲಿ ಐದು ವರ್ಷದ ಮಗ ಪೀಟರನನ್ನು ಕಳೆದುಕೊಂಡಳು. ಬಳಿಕ ಮನಸ್ಸು ಕದಡಿತು. 1807ರಲ್ಲಿ ಸಾಯುವವರೆಗೆ ನೆಟ್ಟಗಾಗಲಿಲ್ಲ. ಸುಟ್ಟ ಮೊಳೆಗಳನ್ನು ಮತ್ತೆ ಎರೆಯಬಹುದಿತ್ತು. ಆಕೆಗೆ ಏನೂ ಮರಳಿ ಬರಲಿಲ್ಲ. ದೇವರಲ್ಲಿ ವಿಶ್ವಾಸವಿಟ್ಟರೆ ಕಳೆದದ್ದು ಬಡ್ಡಿ ಸಮೇತ ಬರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವುದು ಸಾಹುಕಾರಿಕೆಯ ಲೆಕ್ಕ. ಆ ಲೆಕ್ಕ ತಪ್ಪಿದ ದಿನ ಮಗು ದೇವರನ್ನೂ ಬಿಡುತ್ತದೆ, ಹೇಳಿಕೊಟ್ಟವರನ್ನೂ ನಂಬುವುದಿಲ್ಲ.

ಕನ್ನಡದ ಕೆಲಸದಲ್ಲೂ ಲೆಕ್ಕ ಚುಕ್ತಾ ಆಗಲಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿದ್ದರು. ಅವರೂ ಅವರ ಸಂಗಡಿಗರೂ ಸಿದ್ಧಪಡಿಸಿದ ಪೂರ್ಣ ಕನ್ನಡ ಬೈಬಲ್ 1831ರಲ್ಲಿ ಹೊರಬಂತು. ಕನ್ನಡಿಗರ ಕೈಯಲ್ಲಿ ಚಾಲ್ತಿಗೆ ಬಂದದ್ದು ಅದು, ಬೂದಿಯಿಂದ ಎದ್ದುಬಂದ ಸೆರಾಂಪುರದ ಅನುವಾದವಲ್ಲ. ಮೂರು ವರ್ಷಗಳ ನಂತರ, 1834ರ ಜೂನ್ 9ರಂದು, ಕೇರಿ ಸೆರಾಂಪುರದಲ್ಲೇ ತೀರಿಕೊಂಡರು. ಆ ಸಂಜೆ ಬೆಂಕಿ ಹೊತ್ತಿಕೊಂಡದ್ದು ಹೇಗೆಂಬುದು ಕೊನೆಗೂ ಪತ್ತೆಯಾಗಲಿಲ್ಲ.