ಆರೋಗ್ಯ ಭಾಗ್ಯ: ಮೂತ್ರದ ವಾಸನೆ ಬದಲಾದಾಗ

ಕೆಮ್ಮು, ನೆಗಡಿ, ಮೊಣಕಾಲು ನೋವಿನ ಬಗ್ಗೆ ಮನೆಯಲ್ಲಿ ಎಲ್ಲರೂ ಮಾತನಾಡುತ್ತಾರೆ. ಮೂತ್ರದ ವಿಷಯ ಬಂದರೆ ಮಾತ್ರ ಸಂಕೋಚ. ಅತ್ತೆ ಸೊಸೆಗೆ ಹೇಳುವುದಿಲ್ಲ, ತಂದೆ ಮಗನಿಗೆ ಹೇಳುವುದಿಲ್ಲ. ಸುಲಭವಾಗಿ ವಾಸಿಯಾಗುವ ತೊಂದರೆ ಈ ಸಂಕೋಚದಿಂದಲೇ ಬೆಳೆದುಬಿಡುತ್ತದೆ. ಮೂತ್ರದ ವಾಸನೆ ಬದಲಾದಾಗ ಯಾವುದಕ್ಕೆ ಹೆದರಬೇಕಾಗಿಲ್ಲ, ಯಾವುದಕ್ಕೆ ತಡ ಮಾಡಬಾರದು ಎಂಬುದನ್ನು ಈ ತಿಂಗಳು ತಿಳಿದುಕೊಳ್ಳೋಣ.

ಮೊದಲನೆಯ ಕಾರಣ ನೀರಿನ ಕೊರತೆ. ಮೂತ್ರದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರು. ಉಳಿದದ್ದು ಯೂರಿಯಾ, ಲವಣ ಮೊದಲಾದವು. ಕುಡಿಯುವ ನೀರು ಕಡಿಮೆಯಾದರೆ ಮೂತ್ರ ಕಡು ಹಳದಿಯಾಗಿ ಘಾಟು ವಾಸನೆ ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನಿಂದ ಸಂಜೆಯವರೆಗೆ ಗಲ್ಲೆಯ ಮೇಲೆ ಕುಳಿತವರಿಗೆ ಗಿರಾಕಿಗಳ ನಡುವೆ ನೀರಿನ ನೆನಪೇ ಇರುವುದಿಲ್ಲ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ನಿಯಮದವರಿಗೆ ಬೆಳಗಿನ ಮೊದಲ ಮೂತ್ರ ಗಾಢವಾಗಿರುವುದು ಸಹಜ. ಅಂಥವರು ಹಗಲಿನಲ್ಲಿಯೇ ಆ ಕೊರತೆ ತುಂಬಿಕೊಳ್ಳಬೇಕು. ಕಾಸಿ ಆರಿಸಿದ ನೀರಿನ ತಂಬಿಗೆ ಅಂಗಡಿಯಲ್ಲಿ ಕೈಗೆಟಕುವಂತಿರಲಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ವೈದ್ಯರು ಹೇಳಿದಷ್ಟೇ ನೀರು ಕುಡಿಯಬೇಕು. ಚೆನ್ನಾಗಿ ನೀರು ಕುಡಿದ ಮೇಲೆ ಒಂದೆರಡು ದಿನದಲ್ಲಿ ವಾಸನೆ ಹೋದರೆ ಚಿಂತೆ ಬೇಡ.

ಎರಡನೆಯದು ಆಹಾರ ಮತ್ತು ಮಾತ್ರೆ. ಕಾಫಿ ಹೆಚ್ಚು ಕುಡಿದರೆ, ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದರೆ ವಾಸನೆ ಬದಲಾಗುತ್ತದೆ. ಮೆಂತ್ಯ ತಿಂದವರ ಬೆವರು, ಮೂತ್ರ ಎರಡರಲ್ಲೂ ಸಕ್ಕರೆ ಪಾಕದಂಥ ವಾಸನೆ ಬರುವುದುಂಟು. ಬಾಣಂತಿ ಮೆಂತ್ಯದ ಉಂಡೆ ತಿಂದರೆ ಹಾಲು ಕುಡಿಯುವ ಕೂಸಿನಲ್ಲೂ ಈ ವಾಸನೆ ಕಾಣಬಹುದು. ಇದರಿಂದ ಅಪಾಯವಿಲ್ಲ.

ಮೂರನೆಯದು ಮೂತ್ರದ ಸೋಂಕು. ವಾಸನೆಯ ಜೊತೆಗೆ ಉರಿ, ಪದೇ ಪದೇ ಅವಸರ, ಕಲಕು ಬಣ್ಣ, ಕೆಳಹೊಟ್ಟೆಯ ನೋವು ಇದ್ದರೆ ಪರೀಕ್ಷೆ ಮಾಡಿಸಬೇಕು. ಚಳಿ-ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಪ್ರಾಸ್ಟೇಟ್ ತೊಂದರೆಯ ಹಿರಿಯರು ಹೆಚ್ಚು ಎಚ್ಚರದಿಂದಿರಬೇಕು. ಪೇಟೆಗೆ, ಮದುವೆಗೆ ಹೋದಾಗ ಶೌಚಾಲಯ ಸಿಗದೆಂದು ಹೆಂಗಸರು ನೀರು ಬಿಟ್ಟು, ಮೂತ್ರ ತಡೆದು ಕೂರುತ್ತಾರೆ. ಇದು ಸೋಂಕಿಗೆ ದಾರಿ. ಅಂಗಡಿಗೆ ಹೊಸ ಫರ್ನಿಚರ್ ಮಾಡಿಸುವವರು ಒಂದು ಚೊಕ್ಕ ಶೌಚಾಲಯವನ್ನೂ ಕಟ್ಟಿಸಲಿ. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ಪುನಃ ನುಂಗುವುದು ಬೇಡ. ಬಿಳಿಸೆರಗಿನ ಸೋಂಕಿನ ದುರ್ವಾಸನೆಯನ್ನೂ ಕೆಲವರು ಮೂತ್ರದ್ದೆಂದು ತಿಳಿಯುತ್ತಾರೆ. ಅದಕ್ಕೆ ಬೇರೆಯೇ ಔಷಧವಿದೆ.

ನಾಲ್ಕನೆಯದು ಸಕ್ಕರೆ ಕಾಯಿಲೆ. ಮಧುಮೇಹ ಎಂಬ ಹೆಸರೇ ಸಿಹಿ ಮೂತ್ರದಿಂದ ಬಂದದ್ದು. ದೇಹಕ್ಕೆ ಸಕ್ಕರೆ ಬಳಸಲು ಆಗದಿದ್ದಾಗ ಅದು ಕೊಬ್ಬನ್ನು ಉರಿಸುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ಹುಟ್ಟಿ, ಉಸಿರು ಮತ್ತು ಮೂತ್ರದಲ್ಲಿ ಕಳಿತ ಹಣ್ಣಿನ ವಾಸನೆ ಬರುತ್ತದೆ. ಆರೋಗ್ಯವಂತರು ಉಪವಾಸ ಮಾಡಿದಾಗಲೂ ಸ್ವಲ್ಪ ಕೀಟೋನ್ ಬರುವುದು ಸಹಜ. ಸಕ್ಕರೆ ಕಾಯಿಲೆಯವರ ಮಾತು ಬೇರೆ. ಇತ್ತೀಚೆಗೆ ಬಹಳ ಜನ ನುಂಗುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವನ್ನು ತೆಗೆದುಕೊಳ್ಳುತ್ತ ಉಪವಾಸವಿದ್ದರೆ ರಕ್ತದ ಸಕ್ಕರೆ ಹೆಚ್ಚಾಗದೆಯೂ ಕೀಟೋನ್ ಅಪಾಯದ ಮಟ್ಟಕ್ಕೆ ಏರಬಹುದು. ಗ್ಲೂಕೋಮೀಟರ್ ಸರಿಯಾದ ಅಂಕಿ ತೋರಿಸಿತೆಂದು ಸುಮ್ಮನಿರುವಂತಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಆದ್ದರಿಂದ ದಶಲಕ್ಷಣ ಪರ್ವಕ್ಕೆ ಎರಡು ವಾರ ಮೊದಲೇ ನಿಮ್ಮ ಮಾತ್ರೆಗಳ ಚೀಟಿ ಹಿಡಿದು ವೈದ್ಯರನ್ನು ಕಾಣಿರಿ. ಯಾವುದನ್ನು ಎಂದು ನಿಲ್ಲಿಸಬೇಕು, ಉಪವಾಸ ಮಾಡಬಹುದೇ, ಏಕಾಶನ ಸಾಕೇ ಎಂದು ಕೇಳಿರಿ. ಮಾತ್ರೆ ಅಥವಾ ಇನ್ಸುಲಿನನ್ನು ತಾವಾಗಿಯೇ ಬಿಡಬಾರದು.

ಕೊನೆಯದು ಎಳೆಯ ಕೂಸುಗಳ ವಿಷಯ. ವಿರಳವಾದರೂ ಹಗುರವಾಗಿ ಕಾಣುವಂಥದ್ದಲ್ಲ. ನಾರ್ವೆ ದೇಶದ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳ ಬುದ್ಧಿ ಬೆಳೆಯದ್ದಕ್ಕೂ ಅವರ ಮೈಯಿಂದ ಬರುವ ವಿಚಿತ್ರ ವಾಸನೆಗೂ ಕಾರಣವೇನೆಂದು ವೈದ್ಯರಲ್ಲಿ ಕೇಳುತ್ತಲೇ ಇದ್ದಳು. 1934ರಲ್ಲಿ ಡಾ. ಅಸ್‌ಬ್ಯೋರ್ನ್ ಫೋಲಿಂಗ್ ಆ ಮಕ್ಕಳ ಮೂತ್ರ ಪರೀಕ್ಷಿಸಿ ಫೀನೈಲ್‌ಕೀಟೋನೂರಿಯ ಎಂಬ ರೋಗವನ್ನು ಕಂಡುಹಿಡಿದರು. ಇಂದು ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಮಾಡಿ ಪಥ್ಯ ಶುರುಮಾಡಿದರೆ ಇಂಥ ಮಗುವಿನ ಬುದ್ಧಿ ಉಳಿಯುತ್ತದೆ. ಇನ್ನೊಂದು ರೋಗದಲ್ಲಿ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಇರುತ್ತದೆ. ಕೂಸು ಮೊದಲ ವಾರದಲ್ಲೇ ಹಾಲು ಬಿಟ್ಟು ಮಂಕಾಗುತ್ತದೆ. ಬಾಣಂತಿ ಮೆಂತ್ಯ ತಿಂದಿದ್ದಾಳೆ ಎಂದು ಸಮಾಧಾನಪಟ್ಟು ಕೂರದೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಬೇಕು. ತಂದೆ-ತಾಯಿ ಇಬ್ಬರಲ್ಲೂ ದೋಷವಿರುವ ಅಂಶವಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಈ ರೋಗದ ಸಂಭವ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾದಾಗ ಆ ಸಾಧ್ಯತೆ ಹೆಚ್ಚು. ಅಂಥ ಮನೆಯವರು ಹೆರಿಗೆಯಾದಾಗಲೇ ಕೂಸಿನ ಹಿಮ್ಮಡಿಯ ರಕ್ತದ ಪರೀಕ್ಷೆ ಕೇಳಿ ಮಾಡಿಸಿಕೊಳ್ಳುವುದು ಲೇಸು.

ಪರೀಕ್ಷೆಗೆ ಮೂತ್ರ ಕೊಡುವಾಗ ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬಿನವರು ಕೊಟ್ಟ ಶುದ್ಧ ಡಬ್ಬಿಯಲ್ಲಿ ಹಿಡಿದು, ಒಂದು ಗಂಟೆಯೊಳಗೆ ತಲುಪಿಸಿರಿ. ಇಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಫಲಿತಾಂಶ ತಪ್ಪಾಗಬಹುದು.

ಅಂಗಡಿಯ ಲೆಕ್ಕದಲ್ಲಿ ನಾಲ್ಕಾಣೆ ವ್ಯತ್ಯಾಸ ಬಂದರೂ ಹುಡುಕದೆ ಬಿಡದವರು ನಾವು. ಮೈಯ ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗಲೂ ಮನೆಯವರಿಗೆ ಹೇಳೋಣ, ವೈದ್ಯರನ್ನು ಕೇಳೋಣ.