ಉದ್ಯಾನದೊಳಗಿನ ಕಲಾಲಯ ಮತ್ತು ನೋಡುಗನ ಹೊಣೆ

ಟೋಕಿಯೋ ನಗರದ ಪೂರ್ವಭಾಗದಲ್ಲಿ ಕಿಬಾ ಎಂಬ ಉದ್ಯಾನವಿದೆ. ‘ಕಿ’ ಎಂದರೆ ಮರ, ‘ಬಾ’ ಎಂದರೆ ಸ್ಥಳ. ಪದೇ ಪದೇ ಬೆಂಕಿಗೆ ಆಹುತಿಯಾಗುತ್ತಿದ್ದ ಹಳೆಯ ಎಡೊ ನಗರವು ತನ್ನ ಮರದ ದಾಸ್ತಾನನ್ನು ಸುಮಿದಾ ನದಿಯ ಆಚೆಗೆ ಸಾಗಿಸಿತು. ಈ ಹೆಸರು ಆ ವ್ಯಾಪಾರದ ನೆನಪು. ಇಪ್ಪತ್ತನೆಯ ಶತಮಾನದಲ್ಲಿ ಮರದ ವ್ಯಾಪಾರಿಗಳು ಸಮುದ್ರದ ಕಡೆಗೆ ಸರಿದ ಮೇಲೆ, ದಿಮ್ಮಿಗಳು ತೇಲುತ್ತಿದ್ದ ಕಾಲುವೆಗಳ ನಡುವೆ 1992ರಲ್ಲಿ ಈ ಉದ್ಯಾನ ತೆರೆಯಿತು. ಅದರ ಉತ್ತರದ ಅಂಚಿನಲ್ಲಿ 1995ರಲ್ಲಿ ಟೋಕಿಯೋ ಸಮಕಾಲೀನ ಕಲಾ ವಸ್ತುಸಂಗ್ರಹಾಲಯ ಪ್ರಾರಂಭವಾಯಿತು. ಐದು ಸಾವಿರಕ್ಕೂ ಹೆಚ್ಚು ಕೃತಿಗಳುಳ್ಳ ಈ ವಿಶಾಲ ಆಲಯವು ಮಕ್ಕಳು ಆಡುವ, ವೃದ್ಧರು ವಾಯುಸೇವನೆಗೆ ಬರುವ ಸಾರ್ವಜನಿಕ ನೆಲದಲ್ಲಿಯೇ ನಿಂತಿರುವುದು ಗಮನಾರ್ಹ.

ಸಾರ್ವಜನಿಕ ನೆಲ ಎಂದ ಮೇಲೆ ಸಾರ್ವಜನಿಕ ಪ್ರಶ್ನೆಯೂ ಸಹಜ. ಅಮೆರಿಕದ ಕಲಾವಿದ ರಾಯ್ ಲಿಕ್ಟೆನ್‌ಸ್ಟೈನ್ 1965ರಲ್ಲಿ ರಚಿಸಿದ ‘ಕೂದಲಪಟ್ಟಿಯ ಹುಡುಗಿ’ ಎಂಬ ಚಿತ್ರವನ್ನು ಈ ಸಂಸ್ಥೆಗಾಗಿ ಸುಮಾರು 60 ಕೋಟಿ ಯೆನ್ ತೆತ್ತು ಕೊಂಡಾಗ, ವಿವಾದ ನಗರದ ಶಾಸನಸಭೆಯವರೆಗೆ ಹೋಯಿತು. ಕಾಮಿಕ್ಸ್ ಪುಸ್ತಕದ ಮುಖದಂತಿರುವ ಚಿತ್ರಕ್ಕೆ ತೆರಿಗೆಯ ಹಣವೇ ಎಂಬುದು ಆಕ್ಷೇಪದ ಸಾರ.

ಇದು ಮೂಢರ ಪ್ರಶ್ನೆಯಲ್ಲ. ಹಣ ಕೊಟ್ಟವನಿಗೆ ಕಾರಣ ಕೇಳುವ ಅಧಿಕಾರವಿದೆ. ಕೊಂಡವನಿಗೆ ಅದನ್ನು ವಿವರಿಸುವ ಕರ್ತವ್ಯವಿದೆ. ಆದರೆ ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಮಾತ್ರ ದುರ್ಬಲವಾದುದು. ಅದೇ ಕಲಾವಿದನ ‘ನರ್ಸ್’ ಎಂಬ ಚಿತ್ರ 2015ರಲ್ಲಿ ಒಂಬತ್ತೂವರೆ ಕೋಟಿ ಡಾಲರಿಗೆ ಮಾರಾಟವಾಯಿತು, ಆದ್ದರಿಂದ ಟೋಕಿಯೋದ ಖರೀದಿ ಸರಿಯೇ ಎನ್ನುವವರುಂಟು. ಬೆಲೆಯೇರಿದ್ದಕ್ಕೆ ಕೃತಿ ಯೋಗ್ಯವೆನ್ನುವುದಾದರೆ, ನಾಳೆ ಬೆಲೆಯಿಳಿದರೆ ಅದು ಅಯೋಗ್ಯವೆನ್ನಬೇಕಾದೀತು. ಅಂಗಡಿಯ ಅಳತೆಗೋಲು ಕಲಾಲಯಕ್ಕೆ ಸಲ್ಲದು.

ಸಲ್ಲುವ ಅಳತೆ ಬೇರೆ: ನೋಡುಗನು ಮತ್ತೆ ಮತ್ತೆ ಬಂದು ನಿಲ್ಲಲು ಕೃತಿಯು ಅವಕಾಶ ಕೊಡುತ್ತದೆಯೇ? ಇದೇ ಸಂಗ್ರಹದಲ್ಲಿರುವ ತತ್ಸುಓ ಮಿಯಾಜಿಮಾ ಅವರ 1998ರ ಕೃತಿಯನ್ನು ನೋಡಬಹುದು. ಒಂದು ದೊಡ್ಡ ಗೋಡೆಯ ಮೇಲೆ 1,700ಕ್ಕೂ ಹೆಚ್ಚು ಕೆಂಪು ಅಂಕಿಗಳು ಮಿನುಗುತ್ತವೆ. ಪ್ರತಿಯೊಂದೂ ತನ್ನದೇ ವೇಗದಲ್ಲಿ 1ರಿಂದ 9ರವರೆಗೆ ಎಣಿಸುತ್ತದೆ. ಸೊನ್ನೆ ಮಾತ್ರ ಎಂದಿಗೂ ಮೂಡುವುದಿಲ್ಲ. ಅದರ ಸರದಿ ಬಂದಾಗ ದೀಪ ಆರಿ ಕತ್ತಲಾಗುತ್ತದೆ, ಬಳಿಕ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಅರ್ಧ ನಿಮಿಷದಲ್ಲಿ ದಾಟಿಹೋದವನಿಗೆ ಇದು ರೈಲ್ವೆ ನಿಲ್ದಾಣದ ಫಲಕ. ಹತ್ತು ನಿಮಿಷ ನಿಂತವನಿಗೆ ಆ ಕತ್ತಲು ಪ್ರಶ್ನೆಯಾಗತೊಡಗುತ್ತದೆ. ಇಲ್ಲಿ ಶೂನ್ಯವೆಂದರೆ ಇಲ್ಲವೆಂದೇ ಅಥವಾ ಎಲ್ಲವೂ ಹೊರಡುವ ನೆಲೆಯೆಂದೇ? ಕಲಾವಿದನ ಚಿಂತನೆಗೆ ಬೌದ್ಧ ಹಿನ್ನೆಲೆಯಿದೆ. ‘ಶೂನ್ಯಸಂಪಾದನೆ’ಯನ್ನು ಪಠ್ಯವಾಗಿ ಓದಿದ ಕನ್ನಡ ವಿದ್ಯಾರ್ಥಿ ಆ ಗೋಡೆಯ ಮುಂದೆ ಪೂರ್ತಿ ಪರಕೀಯನಾಗಬೇಕಿಲ್ಲ. ಎರಡೂ ಒಂದೇ ಅಲ್ಲ. ಆದರೆ ಪ್ರಶ್ನೆ ಕೇಳುವ ಅಭ್ಯಾಸ ಅವನಲ್ಲಿ ಆಗಲೇ ಇದೆ.

ಐಚ್ಛಿಕ ಕನ್ನಡದ ತರಗತಿಗೆ ಈ ಸಂಗತಿ ಹತ್ತಿರವಾಗುವುದು ಇಲ್ಲಿಯೇ. ಹಳಗನ್ನಡದ ಪದ್ಯವೊಂದು ಮೊದಲ ಓದಿಗೆ ಬಾಗಿಲು ತೆರೆಯದಿದ್ದರೆ ವಿದ್ಯಾರ್ಥಿ ಪಂಪನನ್ನು ದೂರುವುದಿಲ್ಲ. ಪದ ಬಿಡಿಸುತ್ತಾನೆ, ಅನ್ವಯಿಸುತ್ತಾನೆ, ಮತ್ತೆ ಓದುತ್ತಾನೆ. ಅಷ್ಟು ತಾಳ್ಮೆ ಕಲಿತವನು ಚಿತ್ರದ ಮುಂದೆ ಮಾತ್ರ ಮೊದಲ ನೋಟಕ್ಕೇ ತೀರ್ಪು ಕೊಡುವುದು ತರವಲ್ಲ. ಭಾರತೀಯ ಕಾವ್ಯಮೀಮಾಂಸೆ ಓದುಗನನ್ನು ಸಹೃದಯನೆಂದು ಕರೆದದ್ದು ಅವನ ಮೆಚ್ಚುಗೆಯನ್ನು ಕಡ್ಡಾಯ ಮಾಡಲಿಕ್ಕಲ್ಲ, ಅವನ ಸಿದ್ಧತೆಯನ್ನು ಗೌರವಿಸಲಿಕ್ಕೆ. ಸಾಕಷ್ಟು ನೋಡಿದ ಮೇಲೂ ಕೃತಿ ಹಿಡಿಸದಿದ್ದರೆ ಹಾಗೆಂದು ಹೇಳುವುದೂ ಸಹೃದಯತೆಯೇ.

ಕಲಾಪ್ರದರ್ಶನ ಎಲ್ಲಿಯೇ ಇರಲಿ, ವಿದ್ಯಾರ್ಥಿಗಳು ಅಲ್ಲಿನ ಎಲ್ಲವನ್ನೂ ನೋಡಿ ಮುಗಿಸುವ ಆತುರಕ್ಕಿಂತ ಒಂದೇ ಕೃತಿಯ ಮುಂದೆ ಹತ್ತು ನಿಮಿಷ ನಿಲ್ಲುವುದು ಮೇಲು. ಜನರ ಹಣದಿಂದ ನಿಂತ ಕಲಾಲಯವು ಜನರಿಗೆ ಕಾರಣ ಹೇಳಲಿ. ಜನರು ಅದಕ್ಕೆ ತಮ್ಮ ಸಮಯವನ್ನು ಕೊಡಲಿ.